ಫೀಡು ಮೂಟೆಯ ಪ್ರೋಟೀನ್ ನಮ್ಮ ಹೊಲದಲ್ಲೇ ಬೆಳೆಯಬಹುದಾ? ನನ್ನ ಒಂದು ವರ್ಷದ ಲೆಕ್ಕ, ನಿಮ್ಮ ಅನುಭವವನ್ನೂ ಹೇಳಿ

ಅರಸೀಕೆರೆ ಹೈನುಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಮೂರೂವರೆ ಎಕರೆ ಜಮೀನು, ಒಂದು ಬೋರ್‌ವೆಲ್, ಅದರಲ್ಲಿ ಒಂದೂವರೆ ಇಂಚು ನೀರು. ಕೊಟ್ಟಿಗೆಯಲ್ಲಿ ನಾಲ್ಕು ಮಿಶ್ರತಳಿ ಕರೆಯುವ ಹಸು, ಜೊತೆಗೆ ಅಪ್ಪನ ಒಂದು ಹಳ್ಳಿಕಾರ್. ಬೆಳಿಗ್ಗೆ ಹತ್ತಕ್ಕೆ ಬಿಟ್ಟರೆ ಸಂಜೆ ನಾಲ್ಕರವರೆಗೆ ಕೆರೆ ಅಂಚಿನಲ್ಲಿ, ಬೀಳು ಹೊಲದಲ್ಲಿ ಮೇಯುತ್ತವೆ.

ಹೋದ ವರ್ಷ ಡೈರಿ ಬಟವಾಡೆ ಬಂದ ದಿನ ಅಪ್ಪ ಲೆಕ್ಕದ ಪುಸ್ತಕ ತೆಗೆದು ಕೂತರು. ತಿಂಗಳಿಗೆ ಒಂಬತ್ತು ಮೂಟೆ ಫೀಡು. ಹಾಲಿನ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಗಡಿಗೇ ಹೋಗಿತ್ತು. "ಮೊದಲೆಲ್ಲ ರಾಗಿ ಹೊಲದಲ್ಲಿ ಅಕ್ಕಡಿ ಹಾಕ್ತಿದ್ವಿ. ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು. ದನಕ್ಕೆ ಅದರ ಸೊಪ್ಪು, ಹೊಟ್ಟೇ ಹಿಂಡಿ ಆಗ್ತಿತ್ತು," ಅಂದರು. ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ.

ಮೊದಲು ಹಸುವಿಗೆ ಎಷ್ಟು ಪ್ರೋಟೀನ್ ಬೇಕು ಅಂತ ಲೆಕ್ಕ ಹಾಕಿದೆ. 400 ಕೆಜಿ ತೂಕದ ಹಸು ಸುಮ್ನೆ ನಿಂತಿದ್ದರೂ ದಿನಕ್ಕೆ ಸುಮಾರು 320 ಗ್ರಾಂ ಬೇಕು. ಮೇಲೆ ಒಂದೊಂದು ಲೀಟರ್ ಹಾಲಿಗೆ 80ರಿಂದ 85 ಗ್ರಾಂ. ಹತ್ತು ಲೀಟರ್ ಕೊಡುವ ಹಸುವಿಗೆ ಹತ್ತಿರ ಹತ್ತಿರ 1150 ಗ್ರಾಂ ಆಯಿತು. ಐದು ಕೆಜಿ ರಾಗಿ ಹುಲ್ಲಿನಿಂದ ಸಿಗೋದು 150 ಗ್ರಾಂ ಇದ್ದರೆ ಹೆಚ್ಚು. 20 ಕೆಜಿ ಸೀಮೆ ಹುಲ್ಲಿನಿಂದ 320 ಗ್ರಾಂ ಇರಬಹುದು. ಮಿಕ್ಕ ಸುಮಾರು 680 ಗ್ರಾಂಗೆ ನಾವು ಮೂಟೆ ಬಿಚ್ಚುತ್ತಿದ್ದೇವೆ.

ಇಲ್ಲೇ ಅಲಸಂದೆ ಬರೋದು. ಹೂ ಬಿಡುವ ಹೊತ್ತಿನಲ್ಲಿ ಕೊಯ್ದ ಅಲಸಂದೆ ಮೇವಿನ ಒಣ ಅಂಶದಲ್ಲಿ ನೂರಕ್ಕೆ 15ರಿಂದ 20 ಭಾಗ ಪ್ರೋಟೀನ್ ಇರುತ್ತದೆ. ಸೀಮೆ ಹುಲ್ಲಿನಲ್ಲಿ ಅದು 8ರಿಂದ 10 ಅಷ್ಟೇ. ಎಂಟರಿಂದ ಹತ್ತು ಕೆಜಿ ಹಸಿ ಅಲಸಂದೆ ಒಂದು ಕೆಜಿ ಫೀಡಿಗೆ ಸಮ ಅಂತ ಇಟ್ಟುಕೊಳ್ಳಬಹುದು.

ನಾನು ಮಾಡಿದ್ದು ಹೀಗೆ. ಬೋರ್ ನೀರು ಹಾಯುವ ಕಡೆ ಎಂಟು ಗುಂಟೆ ಬಿಡಿಸಿಕೊಂಡೆ. ಎಂಟು ದಿನಕ್ಕೊಂದು ಗುಂಟೆಯಂತೆ ಅಲಸಂದೆ ಬಿತ್ತಿದೆ. ಗುಂಟೆಗೆ 400 ಗ್ರಾಂ ಬೀಜ ಸಾಕು. ಮೊದಲನೇ ಗುಂಟೆ ಎರಡು ತಿಂಗಳಿಗೆ ಕಟಾವಿಗೆ ಬರುವಷ್ಟರಲ್ಲಿ ಎಂಟನೇ ಗುಂಟೆಗೆ ಬೀಜ ಬಿದ್ದಿರುತ್ತದೆ. ಒಂದು ಗುಂಟೆಯಲ್ಲಿ ಸುಮಾರು 250 ಕೆಜಿ ಸಿಗುತ್ತದೆ. ನಾಲ್ಕು ಹಸುವಿಗೆ ಎಂಟೆಂಟು ಕೆಜಿ ಹಾಕಿದರೆ ಎಂಟು ದಿನಕ್ಕೆ ಸರಿಹೋಗುತ್ತದೆ. ಒಂದೇ ಸಲ ಎಲ್ಲ ಬಿತ್ತಿದರೆ ಒಂದು ವಾರ ಹಬ್ಬ, ಆಮೇಲೆ ಬಲಿತ ಕಡ್ಡಿ.

ಬದುವಿನ ಮೇಲೆ ಬೇಲಿ ಮೆಂತೆ, ಅಂದರೆ ಹೆಡ್ಜ್ ಲೂಸರ್ನ್ ಎಂಬ ಮೇವಿನ ಗಿಡ, ಹಾಕಿದೆ. ನಡುನಡುವೆ ಅಗಸೆ ಮರ. ಎಣ್ಣೆ ಅಗಸೆ ಅಲ್ಲ, ಚೊಗಚೆ ಅಂತೀವಲ್ಲ, ಅದು. ಬೇಲಿ ಮೆಂತೆ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರಿನಲ್ಲಿ ನಾಲ್ಕು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ ಬಿತ್ತಬೇಕು. ನನಗೆ ಇದು ಗೊತ್ತಿಲ್ಲದೆ ಮೊದಲ ಸಲ ಹಾಕಿದ ಬೀಜ ಮೊಳಕೆಯೇ ಬರಲಿಲ್ಲ. ಮೂರು ತಿಂಗಳಿಗೆ ಮೊದಲ ಕಟಾವು, ಆಮೇಲೆ 40-45 ದಿನಕ್ಕೊಂದು.

ಒಂಬತ್ತು ಮೂಟೆ ಈಗ ಆರಕ್ಕೆ ಇಳಿದಿದೆ. ಬೇಸಿಗೆಯಲ್ಲಿ ನೀರು ಕಮ್ಮಿಯಾದಾಗ ಎಂಟಕ್ಕೆ ಹೋಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಹಾಲು ಇಳಿದಿಲ್ಲ. ನಿಮ್ಮಲ್ಲಿ ಯಾರು ಏನು ಬೆಳೆಯುತ್ತಿದ್ದೀರಿ, ಎಲ್ಲಿ ಕೈಕೊಟ್ಟಿತು, ಬರೆಯಿರಿ.

ಚನ್ನರಾಯಪಟ್ಟಣ ಕೊಟ್ಟಿಗೆ ಅಕ್ಕ

ಅಣ್ಣ, ಗುಂಟೆ ಲೆಕ್ಕದಲ್ಲಿ ಹೇಳಿದ್ದು ತುಂಬಾ ಒಳ್ಳೆಯದಾಯಿತು. ಎಲ್ಲರೂ ಹೆಕ್ಟೇರ್ ಲೆಕ್ಕ ಹೇಳುತ್ತಾರೆ, ನಮಗಿರೋದು ತೆಂಗಿನ ತೋಟದ ಮಧ್ಯೆ ಮೂಲೆ ಜಾಗ. ನನ್ನವು ಎರಡೇ ಹಸು. ತೆಂಗಿನ ನೆರಳಿನಲ್ಲಿ ಅಲಸಂದೆ ಬರುತ್ತಾ? ಕುದುರೆ ಮೆಂತೆ ಹಾಕು ಅಂತ ನಮ್ಮ ಭಾವ ಹೇಳುತ್ತಿದ್ದಾರೆ. ಯಾವುದು ಹಾಕಲಿ?

ಅರಸೀಕೆರೆ ಹೈನುಗಾರ

ಅಕ್ಕ, ತೆಂಗು ದೊಡ್ಡದಾಗಿದ್ದು ಮಧ್ಯಾಹ್ನ ನೆಲಕ್ಕೆ ಬಿಸಿಲು ಬೀಳುತ್ತಿದ್ದರೆ ಅಲಸಂದೆ ಬರುತ್ತದೆ, ಇಳುವರಿ ಸ್ವಲ್ಪ ಕಮ್ಮಿ. ಕಾಯಂ ಆಗಿ ಏನಾದರೂ ಬೇಕು ಅಂದರೆ ಸ್ಟೈಲೋ ಅನ್ನುವ ದ್ವಿದಳ ಮೇವಿನ ಗಿಡ ನೋಡಿ. ಸಪ್ಪೆ ನೆಲದಲ್ಲೂ ಬರುತ್ತದೆ, ಒಂದು ಸಲ ಹಾಕಿದರೆ ಕೆಲವು ವರ್ಷ ಇರುತ್ತದೆ. ಅದರ ಬೀಜವನ್ನೂ ಬಿಸಿನೀರಿನಲ್ಲಿ ಅದ್ದಬೇಕು.

ಕುದುರೆ ಮೆಂತೆ, ಅಂದರೆ ಲೂಸರ್ನ್, ಬಹಳ ಒಳ್ಳೆಯ ಮೇವು. ಆದರೆ ಒಂದು ಘಟನೆ ಹೇಳಲೇಬೇಕು. ನಮ್ಮಲ್ಲಿ ಎರಡು ಗುಂಟೆ ಹಾಕಿದ್ದೆ. ಒಂದು ಬೆಳಿಗ್ಗೆ ಮಳೆ ನಿಂತ ತಕ್ಷಣ ಒದ್ದೆಯಾಗಿದ್ದದ್ದನ್ನೇ ಕೊಯ್ದು, ಹಸಿದ ಹಸುವಿನ ಮುಂದೆ ಒಂದು ಹೊರೆ ಹಾಕಿಬಿಟ್ಟೆ. ಎರಡು ಗಂಟೆಯೊಳಗೆ ಎಡ ಪಕ್ಕೆ ತಮಟೆ ಥರ ಉಬ್ಬಿತು. ಬೆರಳಲ್ಲಿ ತಟ್ಟಿದರೆ ಸದ್ದು ಬರುತ್ತಿತ್ತು. ಹಸು ಮಲಗುತ್ತೆ, ಏಳುತ್ತೆ, ಕಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತೆ. ನಾಲಿಗೆ ಹೊರಗೆ ಬಂದಿತ್ತು. ಡಾಕ್ಟರು ಫೋನಿನಲ್ಲಿ ಹೇಳಿದ ಹಾಗೆ ಕಡಲೆಕಾಯಿ ಎಣ್ಣೆ ಕುಡಿಸಿ, ಮುಂಗಾಲು ಎತ್ತರಕ್ಕೆ ಬರುವಂತೆ ದಿಬ್ಬದ ಮೇಲೆ ನಿಲ್ಲಿಸಿದೆವು. ಅವರು ಬರುವಷ್ಟರಲ್ಲಿ ತೇಗು ಬರುವುದಕ್ಕೆ ಶುರುವಾಗಿತ್ತು. ಹಸು ಉಳಿಯಿತು. ತಪ್ಪು ಮೇವಿನದಲ್ಲ, ನನ್ನದು. ಮೊದಲು ಒಣ ಹುಲ್ಲು ತಿನ್ನಿಸಬೇಕು. ಕುದುರೆ ಮೆಂತೆಯನ್ನು ಕೊಯ್ದು ಬಾಡಿಸಿ, ಸ್ವಲ್ಪ ಸ್ವಲ್ಪ ಹಾಕಬೇಕು.

ಕಡೂರು ಪಶುವೈದ್ಯ

ಹೈನುಗಾರರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಎಣ್ಣೆ ಕುಡಿಸುವಾಗ ತಲೆ ಎತ್ತಿ ಹಿಡಿದು ಗಡಿಬಿಡಿಯಲ್ಲಿ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋದರೆ ಹೊಟ್ಟೆ ಉಬ್ಬರಕ್ಕಿಂತ ಅದೇ ಅಪಾಯ. ಹಸು ತಾನಾಗಿ ನುಂಗುವಷ್ಟು ನಿಧಾನ ಮಾಡಿ. ಹಸು ಬಿದ್ದುಬಿಟ್ಟಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಕರೆಯಿರಿ.

ಇನ್ನು ಪ್ರೋಟೀನ್ ವಿಷಯ. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ನಾವು ಮೊದಲು ಮೇವು ಹಾಕೋದು ಅವಕ್ಕೆ, ಹಸುವಿಗೆ ಆಮೇಲೆ. ಸೊಪ್ಪಿನ ಪ್ರೋಟೀನನ್ನು ಅವು ಒಡೆದು ತಮ್ಮ ಮೈ ಬೆಳೆಸಿಕೊಳ್ಳುತ್ತವೆ. ಅವೇ ಮುಂದೆ ಹಸುವಿನ ಆಹಾರವಾಗುತ್ತವೆ. ಜನವರಿ ಕಳೆದ ಮೇಲೆ ಬಯಲು ಸೀಮೆಯ ಹುಲ್ಲು ಒಣಗುತ್ತದೆ. ತಿನ್ನುವ ಮೇವಿನಲ್ಲಿ ಪ್ರೋಟೀನ್ ನೂರಕ್ಕೆ ಏಳಕ್ಕಿಂತ ಕೆಳಗೆ ಇಳಿದರೆ ಈ ಜೀವಿಗಳು ಸೊರಗುತ್ತವೆ. ಹುಲ್ಲು ಹೊಟ್ಟೆಯಲ್ಲೇ ಉಳಿಯುತ್ತದೆ, ಹಸು ತಿನ್ನೋದೇ ಕಮ್ಮಿ ಮಾಡುತ್ತದೆ. ಇಡೀ ದಿನ ಮೇದು ಬಂದರೂ ಮೂಳೆ ಕಾಣುವ ದನ ನೋಡಿದ್ದೀರಲ್ಲ, ಅದಕ್ಕೆ ಇದೂ ಒಂದು ಕಾರಣ. ಅಂಥ ದನಕ್ಕೆ ಸಂಜೆ ಎರಡು ಮೂರು ಕೆಜಿ ಅಗಸೆ ಸೊಪ್ಪೋ ಬೇಲಿ ಮೆಂತೆಯೋ ಹಾಕಿ. ಅದೇ ರಾಗಿ ಹುಲ್ಲನ್ನು ಜಾಸ್ತಿ ತಿನ್ನುತ್ತದೆ. ಮೇಯಲು ಬಿಡುವ ದನಕ್ಕೆ ಮನೆಯಲ್ಲಿ ಬೆಳೆದ ಸೊಪ್ಪು ಅತಿ ಹೆಚ್ಚು ಕೆಲಸ ಮಾಡೋದು ಈ ಜಾಗದಲ್ಲಿ.

ಹಾಗಂತ ಬರೀ ಸೊಪ್ಪು ಹಾಕಬೇಡಿ. ಶಕ್ತಿ ಕೊಡುವ ಮೇವು ಜೊತೆಗಿರಬೇಕು. ಜೋಳ, ಮೆಕ್ಕೆಜೋಳ, ರಾಗಿ ಯಾವುದಾದರೂ ಸರಿ. ಇಲ್ಲದಿದ್ದರೆ ಹೆಚ್ಚಾದ ಪ್ರೋಟೀನ್ ಗಂಜಲದಲ್ಲಿ ಹೋಗುತ್ತದೆ.

ಬೇಲೂರು ಎಂಟು ಹಸು

ನಾನು ಒಪ್ಪೋದಿಲ್ಲ. ಹದಿನೈದು ಲೀಟರ್ ಮೇಲೆ ಕೊಡುವ ಹಸು ಇಟ್ಟುಕೊಂಡು ಸೊಪ್ಪು ನಂಬಿದರೆ ಹಾಲು ಇಳಿಯುತ್ತದೆ. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಹಾಕಿ ಎಂದರು, ಎರಡು ತೊಟ್ಟಿ ಕಟ್ಟಿಸಿದೆ. ದಿನಕ್ಕೆ ಎರಡು ಕೆಜಿ ತೆಗೆದು ಹಾಕಿ ಫೀಡು ಕಮ್ಮಿ ಮಾಡಿದೆ. ವಾರದಲ್ಲಿ ಹಾಲು ಇಳಿಯಿತು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಕೂಡ ಬಿತ್ತು. ತೊಟ್ಟಿಗೆ ಹಾಕಿದ ದುಡ್ಡು ಹೋಯಿತು. ಸಣ್ಣ ರೈತರಿಗೆ ಆಸೆ ತೋರಿಸುವ ಮೊದಲು ಇದನ್ನೂ ಹೇಳಿ.

ಅರಸೀಕೆರೆ ಹೈನುಗಾರ

ಅಣ್ಣ, ನಿಮ್ಮ ಮಾತು ನ್ಯಾಯವಾಗಿದೆ. ಅಜೋಲಾ ಒಣಗಿಸಿದರೆ ಪ್ರೋಟೀನ್ 20ರಿಂದ 25 ಭಾಗ ಇರೋದು ನಿಜ. ಆದರೆ ಹಸಿಯಲ್ಲಿ ನೂರಕ್ಕೆ 93-94 ಭಾಗ ನೀರೇ. ಎರಡು ಕೆಜಿ ಹಸಿ ಅಜೋಲಾದಲ್ಲಿ ಸಿಗೋದು ಸುಮಾರು 30 ಗ್ರಾಂ ಪ್ರೋಟೀನ್. ಅರ್ಧ ಲೀಟರ್ ಹಾಲಿಗೂ ಸಾಲದು. ಕೋಳಿಗೆ, ಕರುವಿಗೆ ಚೆನ್ನ. ಮೂಟೆಗೆ ಬದಲಿ ಅಂತ ಹೇಳಿದವರು ನಿಮಗೆ ಪೂರ್ತಿ ಲೆಕ್ಕ ಹೇಳಲಿಲ್ಲ.

ಹದಿನೈದು ಲೀಟರ್ ಹಸುವಿಗೆ ಮೂಟೆ ಪೂರ್ತಿ ಬಿಡಿ ಅಂತ ನಾನು ಹೇಳೋದಿಲ್ಲ. ನಾನೂ ಆರು ಮೂಟೆ ತರುತ್ತಲೇ ಇದ್ದೇನೆ. ಕರು ಹಾಕಿದ ಮೊದಲ ಎರಡು ತಿಂಗಳು ಫೀಡಿಗೆ ಕೈ ಹಾಕೋದೇ ಇಲ್ಲ. ಆಮೇಲೆ ಅರ್ಧರ್ಧ ಕೆಜಿ ತೆಗೆದು, ಹತ್ತು ಹದಿನೈದು ದಿನ ಹಾಲು ಅಳೆದು, ಇಳಿಯದಿದ್ದರೆ ಮುಂದೆ ಹೋಗುತ್ತೇನೆ. ಬತ್ತಿದ ಹಸು, ಕಡಸು, ಹಳ್ಳಿಕಾರ್, ಇವಕ್ಕೆ ಮಾತ್ರ ಪೂರ್ತಿ ನಮ್ಮದೇ ಮೇವು. ಉಳಿತಾಯ ಮೊದಲು ಶುರುವಾಗೋದು ಅಲ್ಲಿಂದ.

ಬೀರೂರು ಕುರಿಮಂದೆ

ನಮ್ಮದು ಅರವತ್ತು ಕುರಿ. ನೀವೆಲ್ಲ ಗೋದಲಿಗೆ ಹಾಕುವ ಮಾತು ಆಡುತ್ತಿದ್ದೀರಿ, ನಮ್ಮದು ಪೂರ್ತಿ ಬಯಲಲ್ಲಿ ಮೇಯೋದರ ಮೇಲೆ. ರಾಗಿ ಕೊಯ್ಲು ಆದ ಮೇಲೆ ಹೊಲದವರು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹುರುಳಿ ಬಡಿದ ಹೊಟ್ಟು, ಅವರೆ ಹೊಟ್ಟು ಸಿಕ್ಕಿದರೆ ಕುರಿಗೆ ಅದೇ ಹಿಂಡಿ. ಮಾರ್ಚ್‌ನಲ್ಲಿ ಕರಿಜಾಲಿ ಕಾಯಿ ಉದುರುತ್ತೆ, ಕುರಿಗಳು ಮರದ ಬುಡ ಬಿಟ್ಟು ಬರೋದಿಲ್ಲ. ಆದರೆ ಈಗ ಅಕ್ಕಡಿ ಇಲ್ಲ. ಎಲ್ಲ ಮೆಕ್ಕೆಜೋಳ, ಶುಂಠಿ. ಗೋಮಾಳ ಕರಗುತ್ತಾ ಬಂತು. ಹೊಟ್ಟು ಎಲ್ಲಿಂದ ಬರಬೇಕು?

ಗೋಮಾಳಕ್ಕೆ ಸ್ಟೈಲೋ ಬೀಜ ಎರಚಿ ಅಂತ ಒಬ್ಬರು ಹೇಳಿದರು. ಎರಚಿದೆವು. ಮೊಳಕೆ ಬಂದಿದ್ದೂ ಹೌದು. ಬೀಜ ಕಟ್ಟುವ ಮೊದಲೇ ಊರ ದನವೆಲ್ಲ ಮೇದು ಹೋಯಿತು.

ಕಡೂರು ಪಶುವೈದ್ಯ

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಊರ ಪಕ್ಕದಲ್ಲೇ ಇದೆ. ಅಮೃತಮಹಲ್ ಕಾವಲುಗಳು, ಅಂದರೆ ಆ ತಳಿಯ ದನಕ್ಕೆ ಮೀಸಲಿಟ್ಟ ಹುಲ್ಲುಗಾವಲುಗಳು. ಮೈಸೂರು ಅರಸರ ಕಾಲದ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಆ ದನಗಳ ಕಾವಲುಗಳಲ್ಲಿ ಬೇಸಿಗೆಯವು ಬೇರೆ, ಮಳೆಗಾಲದವು ಬೇರೆ, ಚಳಿಗಾಲದವು ಬೇರೆ. ಒಂದು ಕಾವಲಿನಲ್ಲಿ ದನ ಇದ್ದಾಗ ಮಿಕ್ಕವಕ್ಕೆ ಬಿಡುವು. ಹುಲ್ಲು, ಅದರ ಜೊತೆ ಬೆಳೆಯುವ ಕಾಡು ದ್ವಿದಳ ಗಿಡಗಳು ಬೀಜ ಉದುರಿಸಲು ಹೊತ್ತು ಸಿಗುತ್ತಿತ್ತು. ಈಗಲೂ ಅಜ್ಜಂಪುರ ತಳಿ ಕೇಂದ್ರದ ದನ ಕಾವಲುಗಳಲ್ಲೇ ಮೇಯುತ್ತವೆ.

ಸ್ಟೈಲೋ ಆಗಲಿ, ಬೇರೆ ಯಾವುದೇ ಆಗಲಿ, ಬಿತ್ತಿದ ಮೊದಲ ವರ್ಷ ಬೀಜ ಉದುರುವವರೆಗೆ ಆ ಭಾಗಕ್ಕೆ ದನ ಬಿಡಬಾರದು. ಇಡೀ ಗೋಮಾಳ ಬೇಡ, ಎರಡು ಎಕರೆ ಮುಳ್ಳು ಹಾಕಿ ಮುಚ್ಚಿ. ಇದು ಒಬ್ಬರಿಂದ ಆಗುವ ಕೆಲಸ ಅಲ್ಲ, ಊರವರು ಕೂತು ಒಪ್ಪಬೇಕು.

ಮೂಡಿಗೆರೆ ಕಾಫಿ ತೋಟ

ಮಲೆನಾಡಿನ ಕಡೆಯಿಂದ ಒಂದೆರಡು ಮಾತು. ನಮ್ಮಲ್ಲಿ ಮಲೆನಾಡು ಗಿಡ್ಡ ಹಸು ಆರು ಇವೆ. ಇಲ್ಲಿ ನೀರಿಗೆ ಬರ ಇಲ್ಲ, ಆದರೆ ಮಣ್ಣು ಹುಳಿ. ಕುದುರೆ ಮೆಂತೆಗೆ ಹುಳಿ ಮಣ್ಣೂ ಆಗೋದಿಲ್ಲ, ಬುಡದಲ್ಲಿ ನೀರು ನಿಂತರೂ ಆಗೋದಿಲ್ಲ. ಎರಡು ಸಲ ಹಾಕಿ ಕೈ ಬಿಟ್ಟೆ.

ನಮಗೆ ಮರಗಳೇ ಹಿಂಡಿ. ಹಾಲವಾಣ, ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಮಳೆಗಾಲಕ್ಕೆ ಮುಂಚೆ ನೆರಳು ಕಮ್ಮಿ ಮಾಡಲು ಹಾಲವಾಣ ಹೇಗೂ ಸವರುತ್ತೇವೆ. ಆ ಸೊಪ್ಪನ್ನು ಮೊದಲೆಲ್ಲ ಗಿಡದ ಬುಡಕ್ಕೆ ಹಾಕುತ್ತಿದ್ದೆವು, ಈಗ ಅರ್ಧ ಕೊಟ್ಟಿಗೆಗೆ. ಗೊಬ್ಬರದ ಗಿಡದ ವಾಸನೆಗೆ ಹಸು ಮೊದಮೊದಲು ಮೂತಿ ತಿರುಗಿಸುತ್ತದೆ. ಒಂದು ದಿನ ಬಾಡಿಸಿ, ಉಪ್ಪು ನೀರು ಚಿಮುಕಿಸಿ, ಹುಲ್ಲಿನ ಜೊತೆ ಬೆರೆಸಿ ಹಾಕಿ. ಒಂದು ವಾರದಲ್ಲಿ ರೂಢಿಯಾಗುತ್ತದೆ.

ಆದರೆ ದಯವಿಟ್ಟು ಇದನ್ನು ಗಮನಿಸಿ. ಕಾಫಿಗೋ ಮೆಣಸಿಗೋ ಬೋರ್ಡೋ ದ್ರಾವಣ ಹೊಡೆದ ಮೇಲೆ ಆ ಸಾಲಿನ ಸೊಪ್ಪು, ಹುಲ್ಲು ಯಾವುದನ್ನೂ ಕೊಯ್ಯಬೇಡಿ. ಅದರಲ್ಲಿ ಮೈಲುತುತ್ತ, ಅಂದರೆ ತಾಮ್ರ ಇದೆ. ಕುರಿಗಳಿಗೆ ತಾಮ್ರ ಬಹಳ ಬೇಗ ವಿಷವಾಗುತ್ತದೆ.

ಹಾಸನ ಆಲೂಗಡ್ಡೆ ಹೊಲ

ಅರಸೀಕೆರೆಯವರ ಹಾಗೆ ನಮಗೆ ಬೋರ್ ಇಲ್ಲ. ಮೇ ತಿಂಗಳಲ್ಲಿ ಆಲೂಗಡ್ಡೆ ಹಾಕುತ್ತೇವೆ, ಆಗಸ್ಟ್‌ನಲ್ಲಿ ಕೀಳುತ್ತೇವೆ. ಕಿತ್ತ ಮೇಲೆ ಮಣ್ಣು ಹುಡಿಯಾಗಿ, ಹದವಾಗಿ ಇರುತ್ತದೆ. ಮೊದಲು ಜೋಳ ಹಾಕುತ್ತಿದ್ದೆ, ಈಗ ಎರಡು ವರ್ಷದಿಂದ ಒಂದು ಪಟ್ಟಿ ಅಲಸಂದೆ, ಒಂದು ಪಟ್ಟಿ ಹುರುಳಿ. ಹಿಂಗಾರು ಮಳೆಗೇ ಬರುತ್ತದೆ. ಅಲಸಂದೆಯನ್ನು ಹಸಿಯಾಗಿ ಕೊಯ್ಯುತ್ತೇನೆ. ಹುರುಳಿ ಕಾಳು ಮನೆಗೆ, ಹೊಟ್ಟು ದನಕ್ಕೆ.

ಬಿತ್ತುವ ಮೊದಲು ರೈಜೋಬಿಯಂ, ಅಂದರೆ ಬೇರಿನಲ್ಲಿ ಗಂಟು ಕಟ್ಟಿಸುವ ಸೂಕ್ಷ್ಮಜೀವಿಯ ಪುಡಿ, ಹಚ್ಚುತ್ತೇನೆ. ಬೆಲ್ಲದ ಪಾಕ ಆರಿಸಿ, ಪುಡಿ ಕಲೆಸಿ, ಬೀಜಕ್ಕೆ ಹಚ್ಚಿ ನೆರಳಲ್ಲಿ ಒಣಗಿಸಬೇಕು. ಸರಿಯಾಗಿ ಹತ್ತಿದೆಯಾ ಅಂತ ನೋಡೋದು ಸುಲಭ. ಮೂವತ್ತು ಮೂವತ್ತೈದು ದಿನಕ್ಕೆ ಒಂದು ಗಿಡವನ್ನು ಮಣ್ಣು ಸಮೇತ ಅಗೆದು, ಬೇರನ್ನು ನೀರಲ್ಲಿ ಅಲ್ಲಾಡಿಸಿ. ಬೇರಿಗೆ ಸಾಸಿವೆಗಿಂತ ದಪ್ಪ ಗಂಟುಗಳು ಅಂಟಿರುತ್ತವೆ. ಒಂದನ್ನು ಉಗುರಿನಲ್ಲಿ ಸೀಳಿ. ಒಳಗೆ ಕೆಂಪಗೆ, ರಕ್ತ ಒಸರಿದ ಹಾಗೆ ಇದ್ದರೆ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ಬಿಳಿ ಅಥವಾ ಹಸಿರು ಇದ್ದರೆ ಕೆಲಸ ಮಾಡುತ್ತಿಲ್ಲ. ನಮ್ಮ ಮಗಳಿಗೆ ತೋರಿಸಿದೆ, ಅವಳು ಸಾಲಿಡೀ ಅಗೆದು ನೋಡಬೇಕು ಅಂತ ಹಟ ಹಿಡಿದಳು.

ಒಂದು ವಿಷಯ. ಅಲಸಂದೆ, ಹುರುಳಿ, ಅವರೆಗೆ ಒಂದೇ ಬಗೆಯ ರೈಜೋಬಿಯಂ ನಡೆಯುತ್ತದೆ. ಕುದುರೆ ಮೆಂತೆಗೆ ಬೇರೆಯೇ ಬೇಕು. ಕೇಳಿ ತನ್ನಿ.

ಊರಿಗೆ ಮರಳಿದವನು

ಬೆಂಗಳೂರಿನ ಕೆಲಸ ಬಿಟ್ಟು ಆಲೂರಿಗೆ ಬಂದಿದ್ದೇನೆ. ಮೂರು ಪ್ರಶ್ನೆ. ಬೀಜ ಎಲ್ಲಿ ಸಿಗುತ್ತದೆ? ಅಂಗಡಿಯಲ್ಲಿ ತಂದ ಅಲಸಂದೆ ಅರ್ಧಕ್ಕರ್ಧ ಹುಟ್ಟಲಿಲ್ಲ. ಸುಬಾಬುಲ್ ಮರ ಮೇವಿಗೆ ಹಾಕಬಹುದಾ? ಅಲಸಂದೆಯನ್ನು ಸೈಲೇಜ್ ಮಾಡಿ, ಅಂದರೆ ಗಾಳಿಯಾಡದಂತೆ ತುಂಬಿ ಹುಳಿ ಬರಿಸಿ, ಬೇಸಿಗೆಗೆ ಇಡಬಹುದಾ?

ಅರಸೀಕೆರೆ ಹೈನುಗಾರ

ಬೀಜಕ್ಕೆ ಮೊದಲು ಕೃಷಿ ವಿಜ್ಞಾನ ಕೇಂದ್ರ ವಿಚಾರಿಸಿ. ಹಾಸನಕ್ಕೆ ಕಂದಲಿಯಲ್ಲಿದೆ, ಚಿಕ್ಕಮಗಳೂರಿಗೆ ಮೂಡಿಗೆರೆಯಲ್ಲಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಸಂಶೋಧನೆಯೇ ನಡೆಯುತ್ತದೆ. ಧಾರವಾಡದಲ್ಲಿ ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಇದೆ. ಎಲ್ಲಿ ತಂದರೂ ಮೊದಲು ಒದ್ದೆ ಬಟ್ಟೆಯಲ್ಲಿ ಐವತ್ತು ಕಾಳು ಕಟ್ಟಿಟ್ಟು ಮೊಳಕೆ ಎಣಿಸಿ. ಒಂದು ಸಲ ಒಳ್ಳೆಯ ಬೀಜ ಸಿಕ್ಕಿದ ಮೇಲೆ ಎರಡು ಸಾಲು ಕೊಯ್ಯದೆ ಬೀಜಕ್ಕೆ ಬಿಡಿ. ಚೆನ್ನಾಗಿ ಒಣಗಿಸಿ ಬೂದಿ ಬೆರೆಸಿ ಇಡಿ, ಇಲ್ಲದಿದ್ದರೆ ಹುಳ ಕೊರೆಯುತ್ತದೆ.

ಸೈಲೇಜ್: ಬರೀ ಅಲಸಂದೆಯಲ್ಲಿ ಸಕ್ಕರೆ ಅಂಶ ಕಮ್ಮಿ, ಸರಿಯಾಗಿ ಹುಳಿ ಬರೋದಿಲ್ಲ, ಕೊಳೆತು ನಾರುತ್ತದೆ. ಮೂರು ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ಅಲಸಂದೆ ಬಿತ್ತಿ, ಎರಡನ್ನೂ ಒಟ್ಟಿಗೆ ಕತ್ತರಿಸಿ ತುಂಬಿ. ಮೆಕ್ಕೆಜೋಳದ ಸಕ್ಕರೆ ಅದನ್ನು ಕಾಪಾಡುತ್ತದೆ. ಬೇಸಿಗೆಯಲ್ಲಿ ನನ್ನ ಎಂಟು ಮೂಟೆಯನ್ನು ಇಳಿಸಲು ಈ ವರ್ಷ ನಾನು ಮಾಡುತ್ತಿರೋದು ಇದೇ.

ಸುಬಾಬುಲ್ ಬಗ್ಗೆ ಡಾಕ್ಟರು ಹೇಳಲಿ.

ಕಡೂರು ಪಶುವೈದ್ಯ

ಸುಬಾಬುಲ್‌ನಲ್ಲಿ ಪ್ರೋಟೀನ್ ಚೆನ್ನಾಗಿದೆ, ಜೊತೆಗೆ ಮಿಮೋಸಿನ್ ಎಂಬ ವಿಷವೂ ಇದೆ. ಜಾಸ್ತಿ ತಿಂದ ದನಕ್ಕೆ ಕೂದಲು ಉದುರುತ್ತದೆ, ಗಳಗಂಡ ಬರಬಹುದು. ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿ ಹವಾಯಿಯ ಮೇಕೆಗಳ ಹೊಟ್ಟೆಯಲ್ಲಿ ಈ ವಿಷವನ್ನು ಒಡೆಯುವ ಸೂಕ್ಷ್ಮಜೀವಿ ಇದೆ ಅಂತ ಕಂಡುಹಿಡಿದರು. ಅದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಲೆಕ್ಕಕ್ಕೆ ಇಷ್ಟು ಸಾಕು: ಒಟ್ಟು ಮೇವಿನಲ್ಲಿ ಮೂರನೇ ಒಂದು ಭಾಗ ಮೀರಬಾರದು. ಗಬ್ಬದ ಹಸುವಿಗೆ ಇನ್ನೂ ಕಮ್ಮಿ. ಕುದುರೆ, ಹಂದಿಗೆ ಬೇಡವೇ ಬೇಡ. ಕಾಯಿ ಬಲಿತು ಉದುರಿದರೆ ಹೊಲವಿಡೀ ಹಬ್ಬುತ್ತದೆ, ಸವರುತ್ತಲೇ ಇರಿ.

ಜೋಳದ ಬಗ್ಗೆಯೂ ಹೇಳಿಬಿಡುತ್ತೇನೆ. ಮಳೆ ಕೈಕೊಟ್ಟು ಮೊಣಕಾಲುದ್ದಕ್ಕೆ ಮುರುಟಿದ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ. ಮೇಯಲು ಬಿಟ್ಟ ದನ ಬೇಲಿ ಹಾರಿ ತಿಂದರೆ ನಿಂತಲ್ಲೇ ಬೀಳುತ್ತದೆ. ಹೂ ಬಂದ ಮೇಲೆ ಭಯ ಕಮ್ಮಿ.

ಬೀರೂರು ಕುರಿಮಂದೆ

ಡಾಕ್ಟ್ರೆ, ನೀವು ಹೇಳಿದ ಹಾಗೆ ಊರವರನ್ನು ಕೂರಿಸಿ ಮಾತಾಡಿದೆ. ಕೆರೆ ಹಿಂದಿನ ಎರಡು ಎಕರೆ ಈ ಮುಂಗಾರಿನಿಂದ ಸಂಕ್ರಾಂತಿವರೆಗೆ ಮುಚ್ಚೋಣ ಅಂತ ಹೆಚ್ಚಿನವರು ಒಪ್ಪಿದ್ದಾರೆ. ಇಬ್ಬರು ಒಪ್ಪಿಲ್ಲ. ಅವರ ದನ ಮೇಯೋದೇ ಅಲ್ಲಿ. ಅವರಿಗೆ ನಮ್ಮ ಹೊಲದ ಬೀಳು ಬಿಟ್ಟುಕೊಡುತ್ತೇವೆ ಅಂದಿದ್ದೇನೆ. ನೋಡೋಣ.

ಚನ್ನರಾಯಪಟ್ಟಣ ಕೊಟ್ಟಿಗೆ ಅಕ್ಕ (ಎರಡು ತಿಂಗಳ ನಂತರ)

ಅಣ್ಣ, ನಿನ್ನೆ ಮೊದಲ ಕಟಾವು ಮಾಡಿದೆ. ತೆಂಗಿನ ಮಧ್ಯೆ ಒಂದು ಗುಂಟೆ. ನೀವು ಹೇಳಿದಷ್ಟು ಬರಲಿಲ್ಲ, ತೂಗಿದರೆ 170 ಕೆಜಿ ಬರಬಹುದು. ಅರ್ಧ ಗಿಡಗಳಲ್ಲಿ ಹೂ, ಅಲ್ಲೊಂದು ಇಲ್ಲೊಂದು ಎಳೆ ಕಾಯಿ ಇತ್ತು. ಮೊದಲು ರಾಗಿ ಹುಲ್ಲು ತಿನ್ನಿಸಿ ಆಮೇಲೆ ಹಾಕಿದೆ. ಗೋದಲಿಯಲ್ಲಿ ಒಂದು ಕಡ್ಡಿ ಉಳಿದಿರಲಿಲ್ಲ. ಹಸು ಹಲಗೆಯನ್ನೇ ನೆಕ್ಕುತ್ತಾ ನಿಂತಿತ್ತು. ಫೀಡು ಸದ್ಯಕ್ಕೆ ಅರ್ಧ ಕೆಜಿ ತೆಗೆದಿದ್ದೇನೆ, ಹತ್ತು ದಿನ ಹಾಲು ಅಳೆದು ಬರೆಯುತ್ತೇನೆ. ತುದಿಯ ಎರಡು ಸಾಲು ಕೊಯ್ದಿಲ್ಲ, ಬೀಜಕ್ಕೆ ಬಿಟ್ಟಿದ್ದೇನೆ. ಈ ಕಡೆಯವರು ಯಾರಿಗಾದರೂ ಬೇಕಿದ್ದರೆ ಹೇಳಿ, ಒಣಗಿಸಿದ ಮೇಲೆ ಒಂದೊಂದು ಸೇರು ಕೊಡುತ್ತೇನೆ.